ಬಯಾಲಜಿ ಬಿಎಸ್ಸಿಗೆ ಎಷ್ಟು ಬೆಲೆ? ನಮ್ಮ ಮನೆಯ ಎಕ್ಸೆಲ್ ಶೀಟ್

ನೀಟ್ ರಿಸಲ್ಟ್ ಬಂದ ರಾತ್ರಿ ನಮ್ಮ ಮನೆಯಲ್ಲಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ. ತಂಗಿಗೆ ಬಂದ ಅಂಕಕ್ಕೆ ಸರ್ಕಾರಿ ಮೆಡಿಕಲ್ ಸೀಟ್ ಸಿಗಲ್ಲ, ಪ್ರೈವೇಟ್ ಸೀಟಿನ ಫೀಸ್ ನಮ್ಮಿಂದ ಆಗಲ್ಲ. ಎರಡು ದಿನ ಬಿಟ್ಟು ಅವಳೇ ಬಾಯಿ ಬಿಟ್ಟಳು: "ನಾನು ಬಿಎಸ್ಸಿ ಮಾಡ್ತೀನಿ. ಬಾಟನಿ, ಝೂವಾಲಜಿ." ಅಪ್ಪ ಕೇಳಿದ್ದು ಒಂದೇ ಪ್ರಶ್ನೆ. "ಮಾಡಿದ್ರೆ ಎಷ್ಟು ಬರುತ್ತೆ?"

ಅಪ್ಪನ ತಲೆಯಲ್ಲಿ ಬೇರೆ ಪ್ಲಾನ್ ಇತ್ತು. ಅವಳದ್ದು ಪಿಸಿಎಂಬಿ, ಮ್ಯಾಥ್ಸ್ ಇದೆ. ಸಿಇಟಿ ರ್‍ಯಾಂಕ್ ಚೆನ್ನಾಗಿಲ್ಲದಿದ್ರೂ ಮ್ಯಾನೇಜ್‌ಮೆಂಟ್ ಕೋಟಾದಲ್ಲಿ ಎಂಜಿನಿಯರಿಂಗ್ ಸೇರಿಸಬಹುದು, ತೋಟದ ಮೇಲೆ ಸಾಲ ತೆಗೆದರಾಯ್ತು ಅಂತ. ಆಮೇಲೆ ನನ್ನ ಕಡೆ ತಿರುಗಿ, "ಎಂಜಿನಿಯರಿಂಗ್ ಓದ್ತಿರೋಳು ನೀನು, ಲೆಕ್ಕ ಹಾಕಿ ಹೇಳು" ಅಂದರು. ಹಾಗೆ ಶುರುವಾಗಿದ್ದು ಈ ಶೀಟ್.

ನಾನು ಮೊದಲು ಹಾಕಿದ ಲೆಕ್ಕ ಬರೀ ಎರಡು ಕಾಲಂ. ಒಂದರಲ್ಲಿ ಒಟ್ಟು ಫೀಸ್, ಇನ್ನೊಂದರಲ್ಲಿ ಮೊದಲ ಸಂಬಳ. ಅದು ತಪ್ಪು ಲೆಕ್ಕ. ಸರ್ಕಾರಿ ಪ್ರಥಮ ದರ್ಜೆ ಕಾಲೇಜಲ್ಲಿ ಬಿಎಸ್ಸಿ ಓದೋಕೆ ಫೀಸ್ ಅಂತ ಹೋಗೋದು ಕಡಿಮೆ. ನಿಜವಾದ ಖರ್ಚು ವರ್ಷಗಳು. ಸಂಬಳ ಇಲ್ಲದೆ ಕಳೆಯೋ ಪ್ರತಿ ವರ್ಷವೂ ಖರ್ಚೇ, ಆದರೆ ಅದಕ್ಕೆ ರಸೀದಿ ಯಾರೂ ಕೊಡಲ್ಲ.

ಎರಡನೇ ವಿಷಯ, ದುಡ್ಡು ಯಾವಾಗ ಬರುತ್ತೆ ಅನ್ನೋದು. ಇವತ್ತಿನ 1 ಲಕ್ಷ ಮತ್ತು 10 ವರ್ಷದ ನಂತರದ 1 ಲಕ್ಷ ಒಂದೇ ಅಲ್ಲ. ಶೇ. 8ರ ಬಡ್ಡಿ ಅಂತ ಇಟ್ಟುಕೊಂಡ್ರೆ, 10 ವರ್ಷದ ನಂತರ ಸಿಗೋ 1 ಲಕ್ಷಕ್ಕೆ ಇವತ್ತಿನ ಬೆಲೆ ಸುಮಾರು 46,000 ರೂಪಾಯಿ. ಅದಕ್ಕೇ ಎಲ್ಲವನ್ನೂ ಇವತ್ತಿನ ಬೆಲೆಗೆ ಇಳಿಸಿಯೇ ಹೋಲಿಸಬೇಕು. 18ನೇ ವಯಸ್ಸಿಂದ 28ರವರೆಗೆ, ಹತ್ತು ವರ್ಷಕ್ಕೆ ಶೀಟ್ ಮಾಡಿದೆ. ಫೀಸ್ ಮತ್ತು ಖಾಸಗಿ ಸಂಬಳ ನನ್ನ ಊಹೆಗಳು, ನಿಮ್ಮ ಊರಲ್ಲಿ ಬೇರೆ ಇರಬಹುದು. ಫೆಲೋಶಿಪ್ ಮೊತ್ತ ಮಾತ್ರ ಸರ್ಕಾರ ನಿಗದಿ ಮಾಡಿದ್ದು.

ಮೊದಲು ಎಲ್ಲರೂ ಕನಸು ಕಾಣೋ ದಾರಿ ನೋಡೋಣ. ಬಿಎಸ್ಸಿ 3 ವರ್ಷ, ಎಂಎಸ್ಸಿ 2 ವರ್ಷ, ಆಮೇಲೆ ಸಿಎಸ್ಐಆರ್ ನೆಟ್ ಬರೆದು ಜೆಆರ್‌ಎಫ್ ತಗೊಂಡು ಪಿಎಚ್‌ಡಿ. ಜೆಆರ್‌ಎಫ್ ಅಂದ್ರೆ ತಿಂಗಳಿಗೆ 37,000 ರೂ. ಎರಡು ವರ್ಷ ಆದಮೇಲೆ ಎಸ್‌ಆರ್‌ಎಫ್ ಆಗಿ 42,000. ಇದು ಸುಮ್ಮನೆ ಏರಿದ್ದಲ್ಲ. 2019ರ ಆರಂಭದವರೆಗೆ ಜೆಆರ್‌ಎಫ್ 25,000 ಇತ್ತು. ದೇಶದ ಸಂಶೋಧನಾ ವಿದ್ಯಾರ್ಥಿಗಳು ಬೀದಿಗಿಳಿದ ಮೇಲೆ 31,000 ಆಯ್ತು, 2023ರಲ್ಲಿ 37,000ಕ್ಕೆ ಬಂತು. ಐದು ವರ್ಷದ ಒಟ್ಟು ಹಾಕಿದೆ: 37,000 ಇಂಟು 24, ಪ್ಲಸ್ 42,000 ಇಂಟು 36. ಸರಿಯಾಗಿ 24 ಲಕ್ಷ. ಮನೆ ಬಾಡಿಗೆ ಭತ್ಯೆ ಬೇರೆ.

ಪಕ್ಕದ ಕಾಲಂನಲ್ಲಿ ಎಂಜಿನಿಯರಿಂಗ್. ಸಿಇಟಿ ಸೀಟ್, ವರ್ಷಕ್ಕೆ 1 ಲಕ್ಷ ಫೀಸ್, 22ನೇ ವಯಸ್ಸಿಗೆ 4 ಲಕ್ಷದ ಕೆಲಸ. ಹೈಕ್ ಇಲ್ಲ ಅಂದುಕೊಂಡ್ರೆ 28ರ ಹೊತ್ತಿಗೆ ಆರು ವರ್ಷ, ಅದೂ 24 ಲಕ್ಷ! ಎರಡೂ ಒಂದೇ ಸಂಖ್ಯೆ ಬಂದಾಗ ಫಾರ್ಮುಲಾ ತಪ್ಪಾಗಿದೆ ಅಂತ ಮೂರು ಸಲ ಚೆಕ್ ಮಾಡಿದೆ. ಇವತ್ತಿನ ಬೆಲೆಗೆ ಇಳಿಸಿ, ಫೀಸ್ ಕಳೆದ ಮೇಲೆ (ಬಿಎಸ್ಸಿ-ಎಂಎಸ್ಸಿಗೆ ವರ್ಷಕ್ಕೆ 20,000 ಹಾಕಿದ್ದೆ) ಎಂಜಿನಿಯರಿಂಗ್ 10 ಲಕ್ಷ, ಜೆಆರ್‌ಎಫ್ ದಾರಿ 12.1 ಲಕ್ಷ. ತಂಗಿ ಕುಣಿದಾಡಿದಳು.

ಅರ್ಧ ಗಂಟೆ ಮಾತ್ರ. ಯಾಕಂದ್ರೆ ನಾನು ಎಲ್ಲಾ ಬಿಎಸ್ಸಿಯವರಿಗೂ ಜೆಆರ್‌ಎಫ್ ಸಿಗುತ್ತೆ ಅಂತ ಅಂದುಕೊಂಡಿದ್ದೆ. ಸಿಗದಿದ್ರೆ? ಎಂಎಸ್ಸಿ ಮುಗಿಸಿ ಯಾವುದೋ ಲ್ಯಾಬಲ್ಲಿ ತಿಂಗಳಿಗೆ 20,000 ಅಂತ ಇಟ್ಟುಕೊಂಡೆ. ಮೊತ್ತ 5.7 ಲಕ್ಷಕ್ಕೆ ಇಳಿಯಿತು. ಹಾಗಾದ್ರೆ ಸರಾಸರಿಯಲ್ಲಿ ಎಂಜಿನಿಯರಿಂಗ್‌ನ 10 ಲಕ್ಷಕ್ಕೆ ಸಮ ಆಗಬೇಕಾದ್ರೆ 100 ಜನರಲ್ಲಿ ಎಷ್ಟು ಜನಕ್ಕೆ ಜೆಆರ್‌ಎಫ್ ಸಿಗಬೇಕು? ಸುಮಾರು 68 ಜನಕ್ಕೆ. ಆ ಪರೀಕ್ಷೆ ಬರೆಯೋರಲ್ಲಿ ನಿಜಕ್ಕೂ ಆಯ್ಕೆ ಆಗೋರು ಇದರ ಹತ್ತಿರಕ್ಕೂ ಬರಲ್ಲ. ಪಿಎಚ್‌ಡಿಗೆ ಬೇರೆ ಬಾಗಿಲುಗಳೂ ಇವೆ, ಡಿಬಿಟಿ ಮತ್ತು ಐಸಿಎಂಆರ್ ತಮ್ಮದೇ ಫೆಲೋಶಿಪ್ ಕೊಡ್ತವೆ. ಆದ್ರೂ ಎಲ್ಲವೂ ಕಿರಿದಾದ ಬಾಗಿಲುಗಳೇ.

ನನಗೆ ಇದಕ್ಕಿಂತ ಆಶ್ಚರ್ಯ ಆಗಿದ್ದು ಇನ್ನೊಂದು ಸಾಲು. ಬಿಎಸ್ಸಿ ಮುಗಿಸಿ ಎಂಎಸ್ಸಿ ಮಾಡದೆ ನೇರ 15,000ದ ಕೆಲಸಕ್ಕೆ ಹೋದ್ರೆ ಎಷ್ಟು ಅಂತ ನೋಡಿದೆ. 6.9 ಲಕ್ಷ! ಎಂಎಸ್ಸಿ ಮಾಡಿ 20,000ಕ್ಕೆ ಹೋದವರಿಗಿಂತ ಜಾಸ್ತಿ. ಅಂದ್ರೆ ಸಂಬಳ 5,000 ಹೆಚ್ಚಾಗುತ್ತೆ ಅನ್ನೋ ಒಂದೇ ಕಾರಣಕ್ಕೆ ಎರಡು ವರ್ಷ ಎಂಎಸ್ಸಿ ಮಾಡೋದು ಹತ್ತು ವರ್ಷದ ಲೆಕ್ಕದಲ್ಲಿ ನಷ್ಟ. ಬಿಎಸ್ಸಿಯಿಂದ ತೆರೆಯದ ಬಾಗಿಲು ಎಂಎಸ್ಸಿಯಿಂದ ತೆರೆಯುತ್ತೆ ಅಂತಿದ್ರೆ ಮಾತ್ರ ಮಾಡಬೇಕು: ನೆಟ್, ಕೆ-ಸೆಟ್, ಅಥವಾ ಬಿಎಡ್ ಜೊತೆಗೆ ಪಿಯು ಲೆಕ್ಚರರ್ ಹುದ್ದೆ. "ಬಿಎಸ್ಸಿ ಆಯ್ತಲ್ಲ, ಸುಮ್ಮನಿರೋ ಬದಲು ಎಂಎಸ್ಸಿ" ಅನ್ನೋದೇ ಎಲ್ಲಕ್ಕಿಂತ ದುಬಾರಿ ನಿರ್ಧಾರ. ಇದನ್ನ ನಮ್ಮ ಮನೆಗಳಲ್ಲಿ ಯಾರೂ ಹೇಳಲ್ಲ.

ಈಗ ಅಪ್ಪನ ಪ್ಲಾನ್. ಮ್ಯಾನೇಜ್‌ಮೆಂಟ್ ಸೀಟಿಗೆ ವರ್ಷಕ್ಕೆ 2.5 ಲಕ್ಷ, ನಾಲ್ಕು ವರ್ಷಕ್ಕೆ 10 ಲಕ್ಷ. ಅದೇ 4 ಲಕ್ಷದ ಕೆಲಸ. ಉತ್ತರ 4.6 ಲಕ್ಷ. 15,000 ಸಂಬಳದ ಬಿಎಸ್ಸಿಗಿಂತ ಕಡಿಮೆ! ಇದನ್ನ ತೋರಿಸಿದಾಗ ಅಪ್ಪ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕ್ಕೊಂಡರು. ಆಮೇಲೆ, "ಎಂಜಿನಿಯರಿಗೆ ಹತ್ತು ವರ್ಷ ಸಂಬಳ ಏರೋದೇ ಇಲ್ವೇನಮ್ಮ?" ಅಂದರು.

ಸರಿಯಾದ ಜಾಗಕ್ಕೇ ಕೈ ಹಾಕಿದ್ದರು. ಇಬ್ಬರಿಗೂ ವರ್ಷಕ್ಕೆ ಶೇ. 8 ಹೈಕ್ ಹಾಕಿದೆ. ಬಿಎಸ್ಸಿ 8.7 ಲಕ್ಷ, ಮ್ಯಾನೇಜ್‌ಮೆಂಟ್ ಎಂಜಿನಿಯರಿಂಗ್ 7.4 ಲಕ್ಷ. ಬಿಎಸ್ಸಿ ಇನ್ನೂ ಮುಂದೆಯೇ. ಆದರೆ ಹತ್ತು ವರ್ಷದ ಬದಲು ಹನ್ನೊಂದು ವರ್ಷ ಅಂತ ಬದಲಾಯಿಸಿದ ತಕ್ಷಣ ಎಂಜಿನಿಯರಿಂಗ್ ಕೂದಲೆಳೆಯಷ್ಟು ಮುಂದೆ ಹೋಯ್ತು. ಆಮೇಲೆ ಆ ಅಂತರ ದೊಡ್ಡದಾಗ್ತಾನೇ ಹೋಗುತ್ತೆ. ಅಂದ್ರೆ ನನ್ನ ಅಷ್ಟೂ ತೀರ್ಪು ಶೀಟನ್ನ 28ಕ್ಕೆ ನಿಲ್ಲಿಸಿದ್ದೆ ಅನ್ನೋದರ ಮೇಲೆ ನಿಂತಿತ್ತು. 28 ಯಾಕೆ? ಪಿಎಚ್‌ಡಿ ಮುಗಿಯೋ ವಯಸ್ಸು ಅಂತ ಹಾಕಿದ್ದೆ, ಅಷ್ಟೇ.

ಹಾಗಂತ ಅಪ್ಪ ಗೆದ್ದರು ಅಂತಲೂ ಅಲ್ಲ. ಆ 4 ಲಕ್ಷ ಗ್ಯಾರಂಟಿ ಅಂತ ಬರೆದಿದ್ದೂ ನಾನೇ. ಈ ಕ್ಯಾಂಪಸ್ಸಲ್ಲಿ ಕೂತು ಪ್ಲೇಸ್‌ಮೆಂಟ್ ಬಗ್ಗೆ ಸೀನಿಯರ್‌ಗಳು ಮಾತಾಡೋದು ಕೇಳಿದವರಿಗೆ ಅದು ಗ್ಯಾರಂಟಿ ಅಲ್ಲ ಅಂತ ಗೊತ್ತು. ಮ್ಯಾಥ್ಸ್ ಅಂದ್ರೆ ಮುಖ ಸಿಂಡರಿಸೋ ಹುಡುಗಿ ಎಂ-1, ಎಂ-2 ದಾಟಿ, ಬ್ಯಾಕ್‌ಲಾಗ್ ಇಲ್ಲದೆ, ಸರಿಯಾಗಿ 22ಕ್ಕೆ ಕೆಲಸ ಹಿಡೀತಾಳೆ ಅಂತ ಆ ಕಾಲಂ ಹೇಳ್ತಿತ್ತು. ಕೆಲಸ ಒಂದು ವರ್ಷ ತಡ ಆದ್ರೂ ಸಾಲದ ಬಡ್ಡಿ ಮಾತ್ರ ತಡ ಮಾಡಲ್ಲ.

ಮಧ್ಯೆ ಮಾವ ಫೋನ್ ಮಾಡಿ, "ಕಿರಣ್ ಮಜುಂದಾರ್ ಶಾ ಓದಿದ್ದು ಬಿಎಸ್ಸಿ ಝೂವಾಲಜಿ ಕಣೋ" ಅಂದರಂತೆ. ನಿಜ, ಬೆಂಗಳೂರು ವಿಶ್ವವಿದ್ಯಾಲಯದಿಂದ, 1973ರಲ್ಲಿ. ಅವರಿಗೂ ಮೆಡಿಕಲ್ ಓದೋ ಆಸೆ ಇತ್ತು, ಆಗಲಿಲ್ಲ. ಆದರೆ ಬಿಎಸ್ಸಿ ಆದಮೇಲೆ ಅವರು ಆಸ್ಟ್ರೇಲಿಯಾಕ್ಕೆ ಹೋಗಿ ಬಿಯರ್ ತಯಾರಿಕೆ ಕಲಿತರು. 1978ರಲ್ಲಿ ಬಯೋಕಾನ್ ಶುರುವಾಗಿದ್ದು ಆ ಹುದುಗು, ಕಿಣ್ವಗಳ ಜ್ಞಾನದಿಂದ. ಒಬ್ಬರ ಹೆಸರನ್ನ ಸರಾಸರಿ ಅಂತ ಶೀಟಿಗೆ ಹಾಕೋಕಾಗಲ್ಲ. ಆದರೆ ಬಿಎಸ್ಸಿ ಜೊತೆಗೆ ಇನ್ನೊಂದು ಕೈಕೆಲಸ ಸೇರಿದಾಗ ಏನಾಗುತ್ತೆ ಅಂತ ನೋಡೋಕೆ ಒಳ್ಳೆ ಉದಾಹರಣೆ.

ಆ "ಇನ್ನೊಂದು" ಏನು ಅಂತ ಹುಡುಕೋಕೆ ಶೀಟಿಗಿಂತ ಹೆಚ್ಚು ಸಮಯ ಹೋಯ್ತು. ಬಿಎಡ್ ಮಾಡಿದ್ರೆ ಹೈಸ್ಕೂಲಲ್ಲಿ ಸಿಬಿಝಡ್ ಶಿಕ್ಷಕರ ಹುದ್ದೆ ಇದೆ. ನೇಮಕಾತಿ ಯಾವಾಗ ಕರೀತಾರೆ ಅನ್ನೋದು ದೇವರಿಗೇ ಗೊತ್ತು. ಫಾರ್ಮಾ ಕಂಪನಿಗಳ ಕ್ವಾಲಿಟಿ ಕಂಟ್ರೋಲ್ ಲ್ಯಾಬ್, ಮೆಡಿಕಲ್ ಕೋಡಿಂಗ್, ರಾಣೆಬೆನ್ನೂರು ಕಡೆಯ ಬೀಜದ ಕಂಪನಿಗಳು, ಇಲ್ಲೆಲ್ಲಾ ಜೀವವಿಜ್ಞಾನ ಓದಿದವರನ್ನ ತಗೊಳ್ತಾರೆ. ಭಾರತೀಯ ಅರಣ್ಯ ಸೇವೆಗೆ ಬಾಟನಿ, ಝೂವಾಲಜಿ ಪದವಿ ನಡೆಯುತ್ತೆ (ಎಂಜಿನಿಯರಿಂಗ್ ಕೂಡ ನಡೆಯುತ್ತೆ, ಅದು ನನಗೂ ಅವತ್ತೇ ಗೊತ್ತಾಗಿದ್ದು). ಬೋರ್ಡ್ ಪರೀಕ್ಷೆಯಲ್ಲಿ ಮೇಲಿನ ಶೇ. 1ರೊಳಗೆ ಬಂದು ಬೇಸಿಕ್ ಸೈನ್ಸ್ ಸೇರಿದವರಿಗೆ ಇನ್‌ಸ್ಪೈರ್ ಸ್ಕಾಲರ್‌ಶಿಪ್ ಇದೆ, ವರ್ಷಕ್ಕೆ 80,000. ಅದರಲ್ಲಿ 60,000 ಕೈಗೆ, 20,000 ಬೇಸಿಗೆ ಪ್ರಾಜೆಕ್ಟ್‌ಗೆ. ತಂಗಿ ಆ ಶೇ. 1ರಲ್ಲಿ ಇರಲಿಲ್ಲ, ಆದರೆ ಅವಳ ಕ್ಲಾಸಲ್ಲಿ ಇದ್ದ ಒಬ್ಬಳಿಗೆ ಇದು ಗೊತ್ತೇ ಇರಲಿಲ್ಲ.

ಕೊನೆಗೆ ಅಪ್ಪನ ಮುಂದೆ ಒಂದು ಸಂಖ್ಯೆ ಇಡೋಕೆ ನನಗೆ ಆಗಲಿಲ್ಲ. 5.7ರಿಂದ 12.1ರವರೆಗೆ ಅಂತ ಹೇಳಿದೆ, ಮತ್ತು ಆ ಎರಡರ ನಡುವೆ ಎಲ್ಲಿ ನಿಲ್ಲುತ್ತೆ ಅನ್ನೋದು ಬಿಎಸ್ಸಿಯ ಮೂರನೇ ವರ್ಷ ಅವಳು ಏನು ಮಾಡ್ತಾಳೆ ಅನ್ನೋದರ ಮೇಲಿದೆ ಅಂತ. "ತಪ್ಪಾದ್ರೆ?" ಅಂದರು. "ತಪ್ಪಾದ್ರೆ ಫೀಸ್ 60,000 ಮತ್ತು ಮೂರು ವರ್ಷ ಹೋಗುತ್ತೆ. ಮ್ಯಾನೇಜ್‌ಮೆಂಟ್ ಸೀಟ್ ತಪ್ಪಾದ್ರೆ 10 ಲಕ್ಷ, ನಾಲ್ಕು ವರ್ಷ, ಮತ್ತೆ ತೋಟ." ಅವರು ಏನೂ ಹೇಳದೆ ಎದ್ದು ಹೋದರು. ಮಾರನೇ ದಿನ ಬ್ಯಾಂಕಿಗೆ ಅಂತ ಎತ್ತಿಟ್ಟಿದ್ದ ಪಹಣಿ ವಾಪಸ್ ಬೀರುವಿಗೆ ಹೋಗಿತ್ತು.

ತಂಗಿ ಈಗ ಮೊದಲ ಸೆಮಿಸ್ಟರ್. ಶೀಟ್ ಬೇಕಾದವರು ಕ್ಲಬ್ ಗ್ರೂಪಲ್ಲಿ ಕೇಳಿ, ಕಳಿಸ್ತೀನಿ. ಹಳದಿ ಬಣ್ಣದ ಸೆಲ್‌ಗಳಲ್ಲಿ ಇರೋದು ನನ್ನ ಊಹೆ, ಅದನ್ನ ಅಳಿಸಿ ನಿಮ್ಮ ಮನೆಯ ಸಂಖ್ಯೆ ಹಾಕಿ. ವರ್ಷ ಎಷ್ಟು ಅನ್ನೋ ಸೆಲ್ಲನ್ನ ಬದಲಾಯಿಸೋದು ಮರೀಬೇಡಿ.