ಗೆಜೆಟ್ ಕಾಯುತ್ತೆ, ಅಜ್ಜ ಕಾಯಲ್ಲ

ಹರಪನಹಳ್ಳಿಯ ಹಿರಿಯರನ್ನು ನಿಮ್ಮ ಜಿಲ್ಲೆ ಯಾವುದು ಅಂತ ಕೇಳಿ ನೋಡಿ. 1997ರ ತನಕ ಬಳ್ಳಾರಿ, ಆಮೇಲೆ ದಾವಣಗೆರೆ, 2018ರಲ್ಲಿ ಮತ್ತೆ ಬಳ್ಳಾರಿ, 2021ರಲ್ಲಿ ವಿಜಯನಗರ. ಮನೆ ಕದಲಲಿಲ್ಲ, ವಿಳಾಸ ಬದಲಾಯ್ತು!

ಇಸವಿ ಗೆಜೆಟ್‌ನಲ್ಲಿ ಸಿಗುತ್ತೆ. 371-ಜೆ ಸೌಲಭ್ಯ ಕೈತಪ್ಪಿದಾಗ ಮನೆಮನೆಯಲ್ಲಿ ಏನು ಮಾತಾಯ್ತು ಅನ್ನೋದು ಜನರ ನೆನಪಲ್ಲಿದೆ. ಮೌಖಿಕ ಇತಿಹಾಸದ ಸ್ನಾತಕೋತ್ತರ ವಿದ್ಯಾರ್ಥಿ ಹುಡುಕುವುದು ಇದನ್ನೇ.

ನೆನಪು ತಪ್ಪಿದರೆ? ಎಂಜಿನಿಯರಿಂಗ್ ಓದಿದ ನನಗೂ ಇದೇ ಅನುಮಾನ. ಇಟಲಿಯ ತೆರ್ನಿಯಲ್ಲಿ 1949ರ ಪ್ರತಿಭಟನೆಯಲ್ಲಿ ಸತ್ತ ಕಾರ್ಮಿಕನ ಸಾವನ್ನು ಎಷ್ಟೋ ಜನ 1953ರದ್ದು ಅನ್ನುತ್ತಿದ್ದರು. ಸಂಶೋಧಕ ಅಲೆಸ್ಸಾಂದ್ರೊ ಪೊರ್ತೆಲ್ಲಿ ಆ ತಪ್ಪನ್ನೇ ಅಧ್ಯಯನ ಮಾಡಿದರು. 1953 ಅಲ್ಲಿನ ಉಕ್ಕಿನ ಕಾರ್ಖಾನೆ ಸಾಮೂಹಿಕವಾಗಿ ಕೆಲಸದಿಂದ ತೆಗೆದ ವರ್ಷ. ಒಂದು ನೋವು ಇನ್ನೊಂದರ ಜೊತೆ ಸೇರಿಕೊಂಡಿತ್ತು.

ಹಂಪಿ ಕನ್ನಡ ವಿಶ್ವವಿದ್ಯಾಲಯ ಇಲ್ಲೇ ನಮ್ಮ ಜಿಲ್ಲೆಯಲ್ಲಿದೆ. ಅಡ್ಮಿಷನ್‌ಗೂ ಮುಂಚೆ ಅಜ್ಜನ ಒಪ್ಪಿಗೆ ಕೇಳಿ, ಮೊಬೈಲ್ ರೆಕಾರ್ಡರ್ ಆನ್ ಮಾಡಿ.