198 ದಿನದ ಅತಿಥಿ

ಮನೆಯಲ್ಲಿ ಗಾಜಿನ ತೊಟ್ಟಿಯಿಟ್ಟು ನಾಲ್ಕು ಗೋಲ್ಡ್‌ಫಿಶ್ ಸಾಕಿದವರಿಗೆ ಗೊತ್ತು, ಮೀನಿಗೆ ಕಾಳು ಹಾಕುವುದು ಎರಡು ನಿಮಿಷದ ಕೆಲಸ, ಉಳಿದದ್ದೆಲ್ಲ ನೀರಿನ ಚಾಕರಿ. ಆ ತೊಟ್ಟಿಯನ್ನು ಸಿನಿಮಾ ಪರದೆಯಷ್ಟು ದೊಡ್ಡದು ಮಾಡಿ, ಉಪ್ಪುನೀರು ತುಂಬಿ, ಗೋಲ್ಡ್‌ಫಿಶ್ ಬದಲು ಶಾರ್ಕ್ ಬಿಟ್ಟರೆ ಚಾಕರಿ ಎಷ್ಟಾದೀತು?

ಮಗಳ ಮನೆಗೆಂದು ಕ್ಯಾಲಿಫೋರ್ನಿಯಾಕ್ಕೆ ಹೋಗಿದ್ದಾಗ ಮೊಮ್ಮಗ ನನ್ನನ್ನು ಮಾಂಟೆರಿ ಕೊಲ್ಲಿಯ ಅಕ್ವೇರಿಯಂಗೆ ಎಳೆದುಕೊಂಡು ಹೋದ. ಒಂದು ಕಾಲಕ್ಕೆ ಸಾರ್ಡೀನ್ ಮೀನನ್ನು ಡಬ್ಬಿಗೆ ತುಂಬುತ್ತಿದ್ದ ಕಾರ್ಖಾನೆಯ ಜಾಗದಲ್ಲಿ 1984ರಲ್ಲಿ ಶುರುವಾದದ್ದು ಅದು. ಅಲ್ಲಿಯ ಅತಿ ದೊಡ್ಡ ತೊಟ್ಟಿಯಲ್ಲಿ ಸುಮಾರು 45 ಲಕ್ಷ ಲೀಟರ್ ನೀರಿದೆ. ನಮ್ಮ ಬೆಂಗಳೂರಿನ 12,000 ಲೀಟರಿನ ಟ್ಯಾಂಕರ್‌ಗಳಾದರೆ ಮುನ್ನೂರಕ್ಕೂ ಹೆಚ್ಚು ಬೇಕು!

"ತಾತಾ, ಈ ಶಾರ್ಕು ಪಕ್ಕದ ಮೀನನ್ನ ಯಾಕೆ ತಿನ್ನಲ್ಲ?" ಎಂದು ಮೊಮ್ಮಗ ಕೇಳಿದ. ಹೊಟ್ಟೆ ತುಂಬಿರುವುದರಿಂದ. ಯಾವ ಶಾರ್ಕ್ ಎಷ್ಟು ತಿಂದಿತು ಎಂದು ಇಂಥ ಕಡೆ ಲೆಕ್ಕ ಬರೆದಿಡುತ್ತಾರೆ. ಊಟ ಬಿಟ್ಟ ಶಾರ್ಕ್ ಎಂದರೆ ಗಾಬರಿಯ ಸಂಗತಿ. ಆದರೆ ಊಟದ ಮಾತು ಆಮೇಲೆ, ಮೊದಲು ನೀರು.

ಮಾಂಟೆರಿಗೆ ಪಕ್ಕದಲ್ಲೇ ಸಮುದ್ರವಿದೆ, ಪಂಪ್ ಹಾಕಿ ನೀರೆತ್ತಿಕೊಳ್ಳುತ್ತಾರೆ. 2005ರಲ್ಲಿ ತೆರೆದ ಜಾರ್ಜಿಯಾ ಅಕ್ವೇರಿಯಂಗೆ ಆ ಅದೃಷ್ಟವಿಲ್ಲ. ಅದಿರುವ ಅಟ್ಲಾಂಟಾ ಊರಿನಿಂದ ಸಮುದ್ರಕ್ಕೆ ಸುಮಾರು 400 ಕಿ.ಮೀ., ಬೆಂಗಳೂರಿನಿಂದ ಮಂಗಳೂರಿಗಿಂತ ತುಸು ಹೆಚ್ಚೇ. ಅಲ್ಲಿಯ ದೊಡ್ಡ ತೊಟ್ಟಿಗೆ ಸುಮಾರು 2.38 ಕೋಟಿ ಲೀಟರ್ ನೀರು. ಸಮುದ್ರದ ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಮಕ್ಕಳೇ, ಪೆನ್ಸಿಲ್ ತೆಗೆದುಕೊಂಡು ಗುಣಿಸಿ ನೋಡಿ. ಎಂಟು ಲಕ್ಷ ಕಿಲೋ ದಾಟುತ್ತದೆ! ಅದೂ ಅಡುಗೆಮನೆಯ ಉಪ್ಪಲ್ಲ. ಮೆಗ್ನೀಸಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂ ಎಲ್ಲ ಹದವಾಗಿ ಬೆರೆತ ಉಪ್ಪೇ ಆಗಬೇಕು.

ನೀರು ತುಂಬಿದ ಕೂಡಲೇ ಶಾರ್ಕ್ ಬಿಡುವಂತಿಲ್ಲ. ಹಳೆಯ ದನದ ಕೊಟ್ಟಿಗೆಗೆ ಹೋದವರಿಗೆ ಗಂಜಲದ ಘಾಟು ಮೂಗಿಗೆ ಹೊಡೆದ ನೆನಪಿರಬೇಕು. ಅದು ಅಮೋನಿಯಾ. ಮೀನಿನ ಕಲ್ಮಷದಿಂದಲೂ ಅದೇ ಹುಟ್ಟುತ್ತದೆ, ನೀರಿನಲ್ಲಿ ಹೆಚ್ಚಾದರೆ ಮೀನಿಗೆ ವಿಷ. ಅದನ್ನು ಮೊದಲು ನೈಟ್ರೈಟ್, ಆಮೇಲೆ ಅಷ್ಟೊಂದು ಕೇಡು ಮಾಡದ ನೈಟ್ರೇಟ್ ಆಗಿ ಮಾರ್ಪಡಿಸುವ ಬ್ಯಾಕ್ಟೀರಿಯಾಗಳಿವೆ. ಅವು ಬೆಳೆದು ನೆಲೆಯೂರಲು ವಾರಗಟ್ಟಲೆ ಬೇಕು. ಹಳೆಯ ತೊಟ್ಟಿಯ ಮರಳನ್ನೋ ಜಲ್ಲಿಯನ್ನೋ ಸ್ವಲ್ಪ ತಂದು ಹಾಕಿದರೆ ಕೆಲಸ ಬೇಗ. ಅಜ್ಜಿಯರಿಗೆ ಇದನ್ನು ವಿವರಿಸಬೇಕಾಗಿಲ್ಲ, ಹಾಲಿಗೆ ಹೆಪ್ಪು ಹಾಕಿದ ಹಾಗೆಯೇ.

ಇನ್ನೊಂದು ಉಪಾಯ ನನಗೆ ಆಲೆಮನೆಯನ್ನು ನೆನಪಿಸಿತು. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುವಾಗ ಮೇಲೆ ಬರುವ ಕೊಳೆಯ ನೊರೆಯನ್ನು ತೆಗೆದು ಎಸೆಯುತ್ತಾರಲ್ಲ? ಇಲ್ಲಿ ಎತ್ತರದ ಕೊಳವೆಯಲ್ಲಿ ಉಪ್ಪುನೀರಿಗೆ ಸಣ್ಣಸಣ್ಣ ಗಾಳಿಗುಳ್ಳೆ ಊದುತ್ತಾರೆ. ನೀರಿನಲ್ಲಿ ಕರಗಿದ ಕೊಳೆ ಗುಳ್ಳೆಗೆ ಅಂಟಿಕೊಂಡು ನೊರೆಯಾಗಿ ಮೇಲೇರುತ್ತದೆ, ಅದನ್ನು ಹೊರಗೆ ಹರಿಸುತ್ತಾರೆ. ಬೆಂಕಿಯೊಂದು ಇಲ್ಲ, ಅಷ್ಟೆ.

ಎದುರಿಗಿರುವ ಗಾಜು ನಿಜಕ್ಕೂ ಗಾಜಲ್ಲ, ಅಕ್ರಿಲಿಕ್. ಐದು ಮೀಟರ್ ಆಳದಲ್ಲಿ ನೀರು ಪ್ರತಿ ಚದರ ಮೀಟರಿಗೆ ಐದು ಟನ್ ಭಾರದಿಂದ ಒತ್ತುತ್ತದೆ. ಜಾರ್ಜಿಯಾದ ದೊಡ್ಡ ಕಿಟಕಿಯ ದಪ್ಪ ಎರಡು ಅಡಿ. ತೊಟ್ಟಿಗೆ ಮೂಲೆಗಳು ಇರದಿದ್ದರೆ ಒಳ್ಳೆಯದು. ಕಡಲಿನ ನಡುವೆ ಅಲೆಯುವ ಹಲವು ಶಾರ್ಕ್‌ಗಳು ಈಜುತ್ತಿದ್ದರೆ ಮಾತ್ರ ಕಿವಿರಿಗೆ ನೀರು ನುಗ್ಗಿ ಉಸಿರಾಡಬಲ್ಲವು. ಮೂಲೆಗೆ ಸಿಕ್ಕಿಬಿದ್ದರೆ ತೊಂದರೆ.

ಶಾರ್ಕ್‌ಗೆ ನಮಗಿಲ್ಲದ ಇನ್ನೊಂದು ಇಂದ್ರಿಯವೂ ಇದೆ. ಮೂತಿಯ ಮೇಲಿನ ಸಣ್ಣ ರಂಧ್ರಗಳಿಂದ ಅದು ವಿದ್ಯುತ್ತನ್ನು ಗ್ರಹಿಸುತ್ತದೆ. 1980ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದ ಸ್ಟೈನ್‌ಹಾರ್ಟ್ ಅಕ್ವೇರಿಯಂಗೆ 'ಸ್ಯಾಂಡಿ' ಎಂಬ ಬಿಳಿ ಶಾರ್ಕ್ ಬಂತು. ಅದು ಊಟ ಮುಟ್ಟದೆ ಒಂದೇ ಜಾಗಕ್ಕೆ ಹೋಗಿಹೋಗಿ ಡಿಕ್ಕಿ ಹೊಡೆಯಿತು. ಅಳೆದು ನೋಡಿದರೆ ಅಲ್ಲಿ 0.125 ಮಿಲಿವೋಲ್ಟ್ ವಿದ್ಯುತ್ ವ್ಯತ್ಯಾಸ! ಟಾರ್ಚಿನ ಒಂದು ಸೆಲ್ಲಿನ ಹನ್ನೆರಡು ಸಾವಿರದಲ್ಲಿ ಒಂದು ಪಾಲು. ಕೆಲವೇ ದಿನಗಳಲ್ಲಿ ಸ್ಯಾಂಡಿಯನ್ನು ಕಡಲಿಗೆ ಬಿಟ್ಟರು.

ಮಾಂಟೆರಿಯವರು ಅವಸರಪಡಲಿಲ್ಲ. 2004ರ ಆಗಸ್ಟಿನಲ್ಲಿ ಮೀನುಗಾರರ ಬಲೆಗೆ ಆಕಸ್ಮಿಕವಾಗಿ ಸಿಕ್ಕ ಮರಿ ಹೆಣ್ಣು ಬಿಳಿ ಶಾರ್ಕನ್ನು ಮೊದಲು ಕಡಲಿನಲ್ಲೇ ದೊಡ್ಡ ಬಲೆಯ ದೊಡ್ಡಿಯಲ್ಲಿಟ್ಟರು. ಅಲ್ಲಿ ಅದು ಉಣ್ಣುವುದನ್ನು ಕಣ್ಣಾರೆ ಕಂಡ ಮೇಲೆಯೇ ಸೆಪ್ಟೆಂಬರಿನಲ್ಲಿ ತೊಟ್ಟಿಗೆ ತಂದದ್ದು. ಅದು ತಿಂದಿತು, ಬೆಳೆಯಿತು. ಬಂದಾಗ ಸುಮಾರು 28 ಕಿಲೋ ಇದ್ದದ್ದು 73 ಕಿಲೋ ಆಯಿತು. ನೋಡಲು ಜನ ಮುಗಿಬಿದ್ದರು. ಅಷ್ಟರಲ್ಲಿ ಅದರ ಕಡಿತಕ್ಕೆ ಸಿಕ್ಕಿ ಅದೇ ತೊಟ್ಟಿಯ ಎರಡು ಸೂಪ್‌ಫಿನ್ ಶಾರ್ಕ್‌ಗಳು ಸತ್ತವು. ಹೊಟ್ಟೆ ತುಂಬಿದ್ದರೂ ಬೇಟೆಯ ಬುದ್ಧಿ ಎಲ್ಲಿ ಹೋದೀತು? 198 ದಿನದ ನಂತರ, 2005ರ ಮಾರ್ಚ್ 31ರಂದು, ಮೈಗೆ ಗುರುತಿನ ಉಪಕರಣ ಸಿಕ್ಕಿಸಿ ಅದನ್ನು ಕಡಲಿಗೆ ಬಿಟ್ಟರು.

ಇಷ್ಟು ಹೇಳುವ ಹೊತ್ತಿಗೆ ಮೊಮ್ಮಗನ ಮುಂದಿನ ಪ್ರಶ್ನೆ ತಯಾರಿತ್ತು: "ಹಾಗಾದ್ರೆ ಇನ್ನೂ ದೊಡ್ಡ ತೊಟ್ಟಿ ಕಟ್ಟಿದ್ರೆ?"

ಎಷ್ಟು ದೊಡ್ಡದು ಮಗೂ? ಕಡಲ ತಳದಲ್ಲಿ ಒಂದೇ ಕಡೆ ಮಲಗಿರುವ ನರ್ಸ್ ಶಾರ್ಕಿನಂಥದ್ದಕ್ಕೆ ಒಳ್ಳೆಯ ತೊಟ್ಟಿ ಸಾಕಾದೀತು ಎಂದು ನನಗೂ ಅನ್ನಿಸುತ್ತದೆ. ಸಾಗರ ದಾಟಿ ಓಡಾಡುವ ಬಿಳಿ ಶಾರ್ಕಿಗೆ ಯಾವ ಗೋಡೆಯೂ ಹತ್ತಿರವೇ. 2016ರಲ್ಲಿ ಜಪಾನಿನ ಓಕಿನಾವಾದ ಅಕ್ವೇರಿಯಂ ಬೆಳೆದ ಬಿಳಿ ಶಾರ್ಕೊಂದನ್ನು ಇಟ್ಟುಕೊಂಡಿತು. ಮೂರೇ ದಿನದಲ್ಲಿ ಅದು ಸತ್ತಿತು. ಮಾಂಟೆರಿಯಲ್ಲಿ ಮೊದಲಿನದೂ ಸೇರಿ ಒಟ್ಟು ಆರು ಮರಿಗಳು ಬಂದು ಹೋದವು. 2011ರಲ್ಲಿ ಬಂದ ಆರನೆಯದು 55 ದಿನ ಇತ್ತು, ಕಡಲಿಗೆ ಬಿಟ್ಟ ಸ್ವಲ್ಪ ಹೊತ್ತಿಗೇ ತೀರಿಕೊಂಡಿತು. ಆಮೇಲೆ ಆ ತೊಟ್ಟಿಗೆ ಬಿಳಿ ಶಾರ್ಕ್ ತಂದಿಲ್ಲ.