ಕಟ್ಟೆಯ ಮೇಲಿನ ಕೌದಿ

ಗುಮಾಸ್ತನಿಗೂ ಸೂಜಿಗೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಬಿಡಿ ಕಾಗದಗಳಿಗೆ ದಾರ ಪೋಣಿಸಿ ಕಡತ ಕಟ್ಟುವುದೇ ನನ್ನ ಅನ್ನದ ದಾರಿ. ಆದರೆ ಹೊಲಿಗೆಯ ನಿಜವಾದ ಪಾಠ ನನಗೆ ದೊರೆತದ್ದು ಕಛೇರಿಯಲ್ಲಲ್ಲ, ಮನೆಯ ಕಟ್ಟೆಯ ಮೇಲೆ, ಅವ್ವನಿಂದ.

ನಾವಿರುವ ದೌಂಡ ದೊಡ್ಡ ರೈಲು ಜಂಕ್ಷನ್ನು. ಪುಣೆಯಿಂದ ಬಂದ ಹಳಿ ಇಲ್ಲಿ ಕವಲೊಡೆದು, ಒಂದು ಮನಮಾಡದ ಕಡೆಗೂ ಇನ್ನೊಂದು ಸೊಲ್ಲಾಪುರದ ಮೇಲಿಂದ ನಮ್ಮ ಕಲಬುರಗಿಯ ಕಡೆಗೂ ಸಾಗುತ್ತದೆ. ಊರ ಮಗ್ಗುಲಿನ ಭೀಮೆಯೂ ಕನ್ನಡ ನಾಡಿಗೇ ಹೊರಟವಳು. ಆ ತುದಿಯಲ್ಲಿ ನಾವು ಕೌದಿ ಎನ್ನುವುದನ್ನು ಇಲ್ಲಿಯವರು ಗೋಧಡಿ ಎನ್ನುತ್ತಾರೆ. ಹೆಸರು ಎರಡಾದರೂ ಹಳೆಯ ಸೀರೆ, ಹಳೆಯ ಧೋತರ, ಉದ್ದಕ್ಕೂ ಓಡುವ ಸಾದಾ ಹೊಲಿಗೆ, ಎಲ್ಲಾ ಒಂದೇ. ಆದುದರಿಂದ ಅವ್ವನೂ ನೆರೆಯ ಮರಾಠಿ ಹೆಂಗಸರೂ ಭಾನುವಾರ ಮಧ್ಯಾಹ್ನ ಒಂದೇ ಬಟ್ಟೆಯ ನಾಲ್ಕು ಮೂಲೆ ಹಿಡಿದು ಕುಳಿತಾಗ ಭಾಷೆಯ ತೊಡಕೇ ಬರಲಿಲ್ಲ. ತಂದೆತಾಯಿಗಳಿಲ್ಲದ ಮಕ್ಕಳಿಗೆ ಕೌದಿಯನ್ನೂ ಬಟ್ಟೆಯ ಗೊಂಬೆಯನ್ನೂ ಹೊಲಿದು ಕೊಡಬೇಕೆಂದು ಸಂಕಲ್ಪವಾಯಿತು.

ಮೊದಲನೆಯ ಕೌದಿ ಕೆಟ್ಟಿತು. ತಪ್ಪು ನನ್ನದು. ಟ್ರಂಕು ಖಾಲಿಯಾಗುವುದೆಂಬ ಸಂತೋಷದಲ್ಲಿ ಜೀರ್ಣವಾದ ಸೀರೆಗಳನ್ನೆಲ್ಲಾ ತಂದು ರಾಶಿ ಹಾಕಿದೆ. "ದಾನಕ್ಕೆ ತಾನೆ, ನಡೆಯುತ್ತದೆ" ಎಂದೆ. ಕೊಡುವ ಮೊದಲು ಅವ್ವ ಅದನ್ನು ಒಗೆದಳು. ಹಗ್ಗಕ್ಕೆ ಹಾಕಿದಾಗ ನೀರಿನ ಭಾರಕ್ಕೇ ನಡುವೆ ಹರಿಯಿತು. ಅವ್ವ ಬಯ್ಯಲಿಲ್ಲ. "ಇದರ ಮೇಲೆ ನಿನ್ನ ಮಗಳನ್ನು ಮಲಗಿಸುತ್ತಿದ್ದೆಯೇನೋ?" ಎಂದಷ್ಟೇ ಕೇಳಿದಳು. ನಾನು ಚಹದ ಲೋಟ ಹಿಡಿದು ಒಳಗೆ ಹೋದೆ.

ಅಂದಿನಿಂದ ಕಟ್ಟೆಗೆ ಕೆಲವು ನಿಯಮಗಳಾದವು. ಬಟ್ಟೆಯನ್ನು ಬೆಳಕಿಗೆ ಹಿಡಿದು, ಎರಡೂ ಕೈಯಿಂದ ಎಳೆದು ನೋಡಬೇಕು. ಎಳೆ ಬಿಟ್ಟರೆ ಅದು ನೆಲ ಒರೆಸುವುದಕ್ಕೆ. ಐದೂವರೆ ಮೀಟರಿನ ಹತ್ತಿಯ ಸೀರೆಯನ್ನು ನಾಲ್ಕು ಸಮಭಾಗ ಮಾಡಿದರೆ ಒಂದೊಂದು ತುಂಡೂ ಸುಮಾರು 137 ಸೆಂಟಿಮೀಟರು ಉದ್ದ. ಒಂದರ ಮೇಲೊಂದು ಹಾಸಿ ಹೊಲಿದರೆ ಮಗುವಿಗೊಂದು ಕೌದಿ. ವರ್ಷ ತುಂಬದ ಕೂಸು ಮಲಗುವಲ್ಲಿ ಸಡಿಲವಾದ ಹೊದಿಕೆಯಾಗಲಿ ಮೆತ್ತನೆಯ ಗೊಂಬೆಯಾಗಲಿ ಇರಬಾರದೆಂದು ಮಕ್ಕಳ ವೈದ್ಯರು ಎಚ್ಚರಿಸುತ್ತಾರೆ. ಮುಖದ ಮೇಲೆ ಬಿದ್ದರೆ ಉಸಿರು ಕಟ್ಟೀತು. ಅಂಥ ಕೂಸಿಗೆ ಕೌದಿ, ಎಚ್ಚರವಿದ್ದಾಗ ನೆಲಕ್ಕೆ ಹಾಸಿ ಆಡಿಸುವುದಕ್ಕೆ ಮಾತ್ರ. ಗೊಂಬೆಗೆ ಗುಂಡಿಯ ಕಣ್ಣು ಬೇಡ. ಮಗು ಕಿತ್ತು ನುಂಗೀತು. ದಾರದ ಕಣ್ಣೇ ಚೆಂದ.

ಹಳೆಯ ಬಟ್ಟೆಯಿಂದ ಮಾಡಿದ್ದೆಂದ ಮಾತ್ರಕ್ಕೆ ಕೌದಿ ಕೀಳಲ್ಲ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡಗಳ ಕಡೆ ಸಿದ್ದಿ ಜನರಿದ್ದಾರೆ. ಅವರ ಪೂರ್ವಿಕರು ಆಫ್ರಿಕದಿಂದ ಬಂದವರು. ಆ ಹೆಂಗಸರು ಅಂಚಿನಿಂದ ಹೊಲಿಗೆ ತೊಡಗಿ ಸುತ್ತುತ್ತ ಸುತ್ತುತ್ತ ನಡುವಿಗೆ ಬರುತ್ತಾರೆ. ಮೂಲೆಗಳಿಗೆ ಬಟ್ಟೆ ಮಡಿಸಿದ ಹೂವು ಇಡುತ್ತಾರೆ. ಹೂವಿಲ್ಲದ ಕೌದಿ ಅವರ ಕಣ್ಣಿಗೆ ಬೆತ್ತಲೆ. ಅಮೆರಿಕದ ಕಲಾವಿದ್ವಾಂಸ ಹೆನ್ರಿ ಡ್ರೂವಲ್ ಅವರು ಈ ಕೌದಿಗಳನ್ನು ಅಭ್ಯಸಿಸಿ ಹೊರನಾಡುಗಳಿಗೆ ಪರಿಚಯಿಸಿದರು. ಮನೆಯ ಮಕ್ಕಳಿಗೆಂದು ಹೊಲಿದದ್ದು ಮಾರಾಟಕ್ಕೂ ಹೋಗಿ ನಾಲ್ಕು ಕಾಸು ತಂದಿತು.

ದಿಲ್ಲಿಯಲ್ಲಿ ಅಂಶು ಗುಪ್ತಾ ಅವರು 1999ರಲ್ಲಿ ಆರಂಭಿಸಿದ ಗೂಂಜ್ ಸಂಸ್ಥೆಯಲ್ಲಿಯೂ ಹಳೆಯ ಬಟ್ಟೆಯಿಂದ ಸುಜನಿ ಎಂಬ ಹಾಸಿಗೆಗಳಾಗುತ್ತವೆ. ಹಳ್ಳಿಗರು ಕೆರೆಯನ್ನೋ ದಾರಿಯನ್ನೋ ತಾವೇ ಸರಿಪಡಿಸಿಕೊಂಡು, ಆ ದುಡಿಮೆಯ ಗೌರವವಾಗಿ ಬಟ್ಟೆಯನ್ನು ಪಡೆಯುತ್ತಾರೆ. 2015ರಲ್ಲಿ ಗುಪ್ತಾ ಅವರಿಗೆ ಮ್ಯಾಗ್ಸೇಸೆ ಪ್ರಶಸ್ತಿ ಬಂದಿತು. ಪಡೆಯುವವನ ತಲೆ ತಗ್ಗದಂತೆ ಕೊಡುವುದು, ಅವ್ವ ಕೇಳಿದ್ದೂ ಇದನ್ನೇ ಅಲ್ಲವೇ?

ಇನ್ನೊಂದು ಮಾತು. ಕೌದಿ ಹೊಲಿದೇ ಹೊಟ್ಟೆ ಹೊರೆಯುವ ಹೆಂಗಸರು ನಮ್ಮ ನಡುವೆ ಇದ್ದಾರೆ. ದಿನಗಟ್ಟಲೆ ಕುಳಿತು ಹೊಲಿದ ಅವರ ಕೂಲಿಯಲ್ಲಿ ಚೌಕಾಸಿ ಮಾಡಿ, ಆಮೇಲೆ ಧರ್ಮಕ್ಕೆ ಗೊಂಬೆ ಹೊಲಿದರೆ ಆ ಪುಣ್ಯ ಯಾರ ಲೆಕ್ಕಕ್ಕೆ? ನಮ್ಮ ಸೋದರಿಯರು ದಾನದ ಕೌದಿಯನ್ನು ತಾವೇ ಹೊಲಿಯಲಿ. ಮನೆಗೆ ಬೇಕಾದ ಕೌದಿಗೆ ಹೊಲಿಯುವವಳನ್ನು ಕರೆದು ತಕ್ಕ ಕೂಲಿ ಕೊಡಲಿ.

ಈಗ ಒಣಹಾಕುವ ಹಗ್ಗ ಕಟ್ಟುವ ಕೆಲಸ ನನ್ನದು. ಒಣಗಿದ ಕೌದಿಯನ್ನು ಅವ್ವ ಕೂಡಲೇ ಮಡಿಸುವುದಿಲ್ಲ. ಕಟ್ಟೆಯ ಮೇಲೆ ಹಾಸಿ, ಮೊಮ್ಮಗಳನ್ನು ಅದರ ಮೇಲೆ ಒಂದು ಗಳಿಗೆ ಕೂಡ್ರಿಸುತ್ತಾಳೆ. ಮಗು ಹೊರಳಾಡಿ ನಕ್ಕರೆ ಕೌದಿ ಪಾಸಾಯಿತು.